ಹರಾಸ್: ನಾಯಿಗೆ ಹಾಕಿದ ಕೂಗು ಕಾನೂನಿನ ಪದವಾದ ಬಗೆ

2025ರ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಕರ್ನಾಟಕದ ಪತ್ರಿಕೆಗಳನ್ನು ಓದಿದವರಿಗೆ ‘ಮೈಕ್ರೋ ಫೈನಾನ್ಸ್ ಕಿರುಕುಳ’ ಎಂಬ ತಲೆಬರಹ ಕಣ್ಣಿಗೆ ಬೀಳದ ದಿನಗಳು ಕಡಿಮೆ. ಆ ದಿನಗಳಲ್ಲೇ ಸಂಬಂಧಿಕರ ಮನೆಗೆ ಹೋಗಿದ್ದಾಗ ಜಗಲಿಯ ಮೇಲೆ ಯುವಕನೊಬ್ಬ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ವಾರದ ಕಂತು ವಸೂಲಿಗೆ ಬಂದವನು. ದನಿ ಏರಿಸಲಿಲ್ಲ. ನೀರು ಕೊಟ್ಟರೆ ಕುಡಿದ, ಮೊಬೈಲ್ ನೋಡಿದ, ಕಾಲು ಗಂಟೆಗೊಮ್ಮೆ ಬಾಗಿಲಿನತ್ತ ಕತ್ತು ತಿರುಗಿಸಿ ‘ಅಕ್ಕಾ, ಏನಾಯ್ತು?’ ಎಂದು ಕೇಳಿದ. ಊಟದ ಹೊತ್ತಿಗೆ ಬಂದವನು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಅಷ್ಟು ಹೊತ್ತೂ ಮನೆಯವರು ಒಳಗಿನ ಕೋಣೆಯಲ್ಲಿ ಪಿಸುಮಾತಿನಲ್ಲೇ ಮಾತಾಡಿಕೊಂಡರು. ಅವನು ಬೈಕ್ ಹತ್ತಿ ಹೋದ ಮೇಲೆ ಚಿಕ್ಕಮ್ಮ ಕೇಳಿದರು: ‘ಹರಾಸ್‌ಮೆಂಟು ಹರಾಸ್‌ಮೆಂಟು ಅಂತಾರಲ್ಲ, ಇವನು ಬೈಲಿಲ್ಲ, ಹೊಡೀಲಿಲ್ಲ, ಸುಮ್ಮನೆ ಕೂತಿದ್ದ. ಇದೂ ಅದೇನಾ?’

ಈ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಡುತ್ತದೆ. ಅದಕ್ಕೂ ಮೊದಲು, ಸುಮಾರು 400 ವರ್ಷಗಳಿಂದ ಇಂಗ್ಲಿಷಿನಲ್ಲಿರುವ ಆ ಪದವೇ ಒಂದು ಉತ್ತರ ಕೊಡುತ್ತದೆ.

ಪದದ ತಿರುಳು: ದಣಿಸುವುದು

‘ಹರಾಸ್’ ಎಂಬ ಕ್ರಿಯಾಪದದ ಇಂದಿನ ಅರ್ಥವನ್ನು ಹೀಗೆ ಹೇಳಬಹುದು: ಒಬ್ಬರನ್ನು, ಅವರಿಗೆ ಬೇಡವಾದ ರೀತಿಯಲ್ಲಿ, ಮತ್ತೆ ಮತ್ತೆ ಕಾಡಿ, ಅವರ ನೆಮ್ಮದಿ ಕೆಡುವಂತೆ ಮಾಡುವುದು. ‘ಹರಾಸ್‌ಮೆಂಟ್’ ಎಂಬುದು ಅದರ ನಾಮಪದ. ಈ ವಿವರಣೆಯಲ್ಲಿ ‘ಮತ್ತೆ ಮತ್ತೆ’ ಎಂಬ ಎರಡು ಮಾತುಗಳೇ ಹೆಚ್ಚಿನ ಭಾರ ಹೊರುತ್ತವೆ. ರಾತ್ರಿ ಒಂದು ಸೊಳ್ಳೆ ಒಮ್ಮೆ ಕಚ್ಚಿ ಹೋದರೆ ನಾವು ಕೆರೆದುಕೊಂಡು ಮಗ್ಗುಲು ಬದಲಿಸುತ್ತೇವೆ. ಅದೇ ಸೊಳ್ಳೆ ಕಚ್ಚದೆಯೂ ಬೆಳಗಿನ ಜಾವದವರೆಗೆ ಕಿವಿಯ ಬಳಿ ಗುಂಯ್‌ಗುಟ್ಟಿದರೆ ಮರುದಿನ ಕೆಲಸಕ್ಕೆ ಹೋಗುವ ಚೈತನ್ಯವೇ ಇರುವುದಿಲ್ಲ. ಮೊದಲನೆಯದರಲ್ಲಿ ನೋವು ಹೆಚ್ಚು, ಎರಡನೆಯದರಲ್ಲಿ ದಣಿವು ಹೆಚ್ಚು. ಹರಾಸ್ ಎಂಬ ಪದ ಹುಟ್ಟಿದ್ದು ಈ ಎರಡನೆಯದಕ್ಕಾಗಿ.

ನಮ್ಮ ಮಾತಿನಲ್ಲಿ ಇದರ ಜಾಗಕ್ಕೆ ಬಹಳ ಸಲ ‘ಟಾರ್ಚರ್’ ಬರುತ್ತದೆ. ‘ನಮ್ಮ ಮ್ಯಾನೇಜರು ಟಾರ್ಚರ್ ಕೊಡ್ತಾನೆ’ ಎನ್ನುವವರು ಹೇಳುತ್ತಿರುವುದು ಸಾಮಾನ್ಯವಾಗಿ ದಿನವೂ ಎದುರಿಸುವ ಕೊಂಕು, ಹೊತ್ತುಗೊತ್ತಿಲ್ಲದ ಕರೆ, ರಜೆ ಕೇಳಿದಾಗಲೆಲ್ಲ ಆಗುವ ರಂಪದ ಬಗ್ಗೆ. ಟಾರ್ಚರ್ ಎಂಬುದು ಲ್ಯಾಟಿನ್ನಿನ ‘ತಿರುಚು’ ಎಂಬ ಅರ್ಥದ ಧಾತುವಿನಿಂದ ಬಂದ, ದೈಹಿಕ ಚಿತ್ರಹಿಂಸೆಯನ್ನು ಸೂಚಿಸುವ ಪದ. ‘ಡಿಸ್ಟರ್ಬ್’ ಎಂಬುದು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ತೀರಾ ಹಗುರ. ಅದರಲ್ಲಿ ಉದ್ದೇಶವೂ ಇರಬೇಕಿಲ್ಲ, ಪುನರಾವರ್ತನೆಯೂ ಬೇಕಿಲ್ಲ. ಹರಾಸ್ ಈ ಎರಡರ ನಡುವೆ ನಿಲ್ಲುತ್ತದೆ.

‘ಛೂ’ ಎಂಬ ಕೂಗಿನಿಂದ

ಇಂಗ್ಲಿಷಿಗೆ ಈ ಪದ ಬಂದದ್ದು ಫ್ರೆಂಚಿನಿಂದ, 17ನೆಯ ಶತಮಾನದ ಮೊದಲ ದಶಕಗಳಲ್ಲಿ. ಫ್ರೆಂಚಿನಲ್ಲಿ ‘ಅರಾಸೆ’ ಎಂದರೆ ಸುಸ್ತು ಮಾಡು, ಬಳಲಿಸು. 1611ರಲ್ಲಿ ರ‍್ಯಾಂಡಲ್ ಕಾಟ್‌ಗ್ರೇವ್ ಎಂಬ ನಿಘಂಟುಕಾರ ಪ್ರಕಟಿಸಿದ ಫ್ರೆಂಚ್–ಇಂಗ್ಲಿಷ್ ನಿಘಂಟಿನಲ್ಲಿ ಈ ಫ್ರೆಂಚ್ ಪದಕ್ಕೆ ಕೊಟ್ಟ ಅರ್ಥಗಳ ಸಾಲು ದಣಿಸುವುದರಿಂದ, ಅತಿಯಾಗಿ ದುಡಿಸಿ ಸವೆಸುವುದರಿಂದ ಆರಂಭವಾಗಿ, ಕಾಡುವುದು, ನೆಮ್ಮದಿಗೆಡಿಸುವುದು, ಪೀಡಿಸುವುದು ಎಂಬಲ್ಲಿಗೆ ತಲುಪುತ್ತದೆ. ಮುಂದಿನ 400 ವರ್ಷಗಳಲ್ಲಿ ಪದ ಹಿಡಿದ ದಾರಿ ಬಹುಮಟ್ಟಿಗೆ ಆ ಒಂದು ನಮೂದಿನಲ್ಲೇ ಅಡಗಿದೆ.

ಫ್ರೆಂಚಿಗೂ ಹಿಂದೆ ಹೋದರೆ ದಾರಿ ಸ್ವಲ್ಪ ಮಸುಕಾಗುತ್ತದೆ. ಆದರೂ ನಿಘಂಟುಕಾರರು ಹೆಚ್ಚಾಗಿ ಒಲಿಯುವ ವಿವರಣೆಯೊಂದಿದೆ; ಅದು ಕನ್ನಡಿಗರಿಗೆ ಬೇರೆಯವರಿಗಿಂತ ಬೇಗ ಅರ್ಥವಾದೀತು. ಹಳೆಯ ಫ್ರೆಂಚಿನಲ್ಲಿ ‘ಹರೆ’ ಎಂಬುದೊಂದು ಕೂಗು. ಬೇಟೆಯಲ್ಲಿ ನಾಯಿಗಳನ್ನು ಪ್ರಾಣಿಯ ಮೇಲೆ ಬಿಡುವಾಗ ಹಾಕುತ್ತಿದ್ದ ಕೂಗು ಅದು. ಆ ಕೂಗಿನಿಂದಲೇ ‘ಹರೆರ್’, ಅಂದರೆ ನಾಯಿಯನ್ನು ಹುರಿದುಂಬಿಸಿ ಬಿಡು, ಎಂಬ ಕ್ರಿಯಾಪದವಾಯಿತು. ಅದೇ ಬೆಳೆದು ಹರಾಸ್ ಆಗಿರಬಹುದು ಎಂಬುದು ವಿವರಣೆ. ನಾವು ‘ನಾಯಿ ಛೂ ಬಿಟ್ಟರು’ ಎನ್ನುತ್ತೇವೆ. ‘ಛೂ’ ಎಂಬುದಕ್ಕೆ ಸ್ವಂತ ಅರ್ಥವಿಲ್ಲ, ಅದು ಬರೀ ಕೂಗು. ಆದರೂ ‘ಛೂ ಬಿಡು’ ಎಂದೊಡನೆ ಅದು ಕ್ರಿಯಾಪದವಾಗುತ್ತದೆ, ಅಲ್ಲಿಂದ ಮುಂದೆ ‘ಹಿಂಬಾಲಕರನ್ನು ಛೂ ಬಿಟ್ಟಿದ್ದಾನೆ’ ಎನ್ನುವಲ್ಲಿ ನಾಯಿಯೇ ಇಲ್ಲದ ಜಾಗಕ್ಕೂ ಹೋಗುತ್ತದೆ. ಯುರೋಪಿನ ಕಾಡಿನಲ್ಲಿ ಆಗಿದ್ದೂ ಹೆಚ್ಚುಕಡಿಮೆ ಇದೇ.

ನಾಯಿಬೇಟೆಯ ಕ್ರಮವನ್ನು ನೆನೆದರೆ ಪದಕ್ಕೆ ದಣಿವಿನ ಅರ್ಥ ಏಕೆ ಅಂಟಿಕೊಂಡಿತು ಎಂಬುದು ತಿಳಿಯುತ್ತದೆ. ಹುಲಿಯಂತೆ ಹೊಂಚು ಹಾಕಿ ಒಂದೇ ನೆಗೆತಕ್ಕೆ ಕೊಲ್ಲುವ ಬೇಟೆ ಅದಲ್ಲ. ನಾಯಿಗಳು ಜಿಂಕೆಯ ಬೆನ್ನು ಹತ್ತುತ್ತವೆ, ಅದು ನಿಂತಲ್ಲೆಲ್ಲ ಬೊಗಳಿ ಎಬ್ಬಿಸುತ್ತವೆ, ನೀರಿಗಿಳಿದರೆ ದಂಡೆಯಲ್ಲಿ ಕಾಯುತ್ತವೆ. ಜಿಂಕೆ ಹಲ್ಲಿಗೆ ಸಿಗುವ ಮೊದಲೇ ದಣಿವಿಗೆ ಸಿಕ್ಕಿರುತ್ತದೆ.

ಇದೇ ಕೂಗಿನ ಕುಲದ್ದೆಂದು ಹೇಳಲಾಗುವ ಇನ್ನೊಂದು ಕೂಗು ತಿರುಗಿ ನಿಂತ ಬಗೆ ವಿಚಿತ್ರವಾಗಿದೆ. ಇಂಗ್ಲಿಷ್ ಕಡಲ್ಗಾಲುವೆಯ ಜರ್ಸಿ ಮತ್ತು ಗರ್ನ್‌ಸಿ ದ್ವೀಪಗಳಲ್ಲಿ, ಫ್ರಾನ್ಸಿನ ನಾರ್ಮಂಡಿಯ ಹಳೆಯ ಕಾನೂನಿನ ಉಳಿಕೆಯಾಗಿ, ತನ್ನ ಆಸ್ತಿಗೆ ಯಾರಾದರೂ ಅನ್ಯಾಯವಾಗಿ ಕೈಹಾಕುತ್ತಿದ್ದರೆ ಅಲ್ಲೇ ಮಂಡಿಯೂರಿ, ಸಾಕ್ಷಿಗಳ ಮುಂದೆ ‘ಆರೋ! ಆರೋ! ಆರೋ!’ ಎಂದು ಕೂಗಿ ನೆರವು ಬೇಡುವ ಪದ್ಧತಿಯಿದೆ. ಕೂಗಿದೊಡನೆ ಎದುರಿನವರು ಕೆಲಸ ನಿಲ್ಲಿಸಬೇಕು, ನ್ಯಾಯಾಲಯ ತೀರ್ಮಾನಿಸುವವರೆಗೆ ಮುಂದುವರಿಸುವಂತಿಲ್ಲ. ನಾಯಿಯನ್ನು ಬಿಡುವ ಕೂಗು ಒಂದು ಕಡೆ, ಅದರ ದಾಯಾದಿಯೇ ಕಾಟವನ್ನು ತಡೆಯುವ ಕೂಗಾಗಿ ಇನ್ನೊಂದು ಕಡೆ.

ಕಾಗುಣಿತ ನೋಡಿ ಮೋಸ ಹೋಗುವ ಎರಡು ಜಾಗಗಳೂ ಇವೆ. ಇಂಗ್ಲಿಷಿನಲ್ಲಿ ಮೊಲಕ್ಕಿರುವ ‘ಹೇರ್’ ಎಂಬ ಹೆಸರಿನ ಅಕ್ಷರಗಳು ಹರಾಸ್ ಪದದ ಮೊದಲ ಅಕ್ಷರಗಳೊಡನೆ ಹೊಂದುತ್ತವೆಯಾದರೂ ಇವೆರಡಕ್ಕೆ ನಂಟಿಲ್ಲ. ಹಾಗೆಯೇ ನಾವು, ಅದರಲ್ಲೂ ಉತ್ತರ ಕರ್ನಾಟಕದವರು, ‘ಓಡಾಡಿ ಹೈರಾಣಾದೆ’ ಎನ್ನುವಾಗಿನ ‘ಹೈರಾಣ’ ಧ್ವನಿಯಲ್ಲೂ ಅರ್ಥದಲ್ಲೂ ಹರಾಸ್‌ಗೆ ಹತ್ತಿರ ಎನಿಸುತ್ತದೆ; ಆದರೆ ಅದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು, ಅದರ ಮೂಲಾರ್ಥ ದಿಕ್ಕುತೋಚದವನು ಎಂದು. ದಿಕ್ಕುತೋಚದೆ ಅಲೆದವನು ದಣಿಯುವುದು ಸಹಜವಾದ್ದರಿಂದ ಎರಡು ಪದಗಳು ಬೇರೆ ಬೇರೆ ಊರಿನಿಂದ ಹೊರಟು ಒಂದೇ ಸಂತೆಗೆ ಬಂದಿವೆ ಅಷ್ಟೆ.

ದಂಡಿನಿಂದ ಮನೆಯಂಗಳಕ್ಕೆ

ಇಂಗ್ಲಿಷಿನಲ್ಲಿ ಈ ಪದದ ಮೊದಲ ಬಾಳು ದಂಡಿನವರ ಜೊತೆಗೆ. 17ನೆಯ ಶತಮಾನದಲ್ಲಿ ಒಂದು ನಾಡನ್ನು ‘ಹರಾಸ್’ ಮಾಡುವುದೆಂದರೆ ಅದರ ಮೇಲೆ ಪದೇಪದೇ ದಾಳಿಯಿಟ್ಟು ಬೆಳೆ ಸುಟ್ಟು ಊರು ಹಾಳುಗೆಡವುವುದು. ಕವಿ ಮಿಲ್ಟನ್ ಬೈಬಲಿನ ಸ್ಯಾಮ್ಸನ್ ಎಂಬ ವೀರನನ್ನು ಕುರಿತು ಬರೆದ, 1671ರಲ್ಲಿ ಪ್ರಕಟವಾದ ನಾಟಕಕಾವ್ಯದಲ್ಲಿ ಇದನ್ನು ನಾಮಪದವಾಗಿಯೇ ಬಳಸಿದ್ದಾನೆ: ಶತ್ರುಗಳು ತಮ್ಮ ನಾಡನ್ನು ಹಾಳುಗೆಡವದಂತೆ ತಪ್ಪಿಸಲು ಅವನ ಕಡೆಯವರೇ ಆದ ಜೂಡಾದ ಜನ ಸ್ಯಾಮ್ಸನ್ನನನ್ನೇ ಸುತ್ತುವರಿದರು ಎನ್ನುವಲ್ಲಿ. ಇಂದಿಗೂ ಸೇನೆಯ ಭಾಷೆಯಲ್ಲಿ ಈ ಅರ್ಥ ಜೀವಂತವಾಗಿದೆ. ಶತ್ರುವನ್ನು ನಾಶ ಮಾಡುವುದಕ್ಕಲ್ಲದೆ, ಅವರ ನಿದ್ರೆ ಕೆಡಿಸಲು, ಓಡಾಟ ಮೊಟಕುಗೊಳಿಸಲು, ಧೈರ್ಯ ಕುಂದಿಸಲು ಆಗಾಗ ಹಾರಿಸುವ ಗುಂಡಿಗೆ ‘ಹರಾಸಿಂಗ್ ಫೈರ್’ ಎಂದೇ ಹೆಸರು.

ನಾಡಿನಿಂದ ವ್ಯಕ್ತಿಯ ಕಡೆಗೆ ಪದ ತಿರುಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಅದೇ ಶತಮಾನದ ನಡುಭಾಗಕ್ಕೆ ಚಿಂತೆ, ಸಾಲ, ಕೆಲಸ ಇವುಗಳಿಂದ ಕಂಗೆಟ್ಟವರ ವಿಚಾರದಲ್ಲೂ ಅದು ಬಳಕೆಗೆ ಬಂತು. ಹರಾಸ್‌ಮೆಂಟ್ ಎಂಬ ನಾಮಪದ ಕಾಣಿಸಿಕೊಂಡದ್ದು 18ನೆಯ ಶತಮಾನದಲ್ಲಿ. ಫ್ರೆಂಚರು ಮಾತ್ರ ಇಂದು ‘ಅರಾಸೆ’ಯನ್ನು ಬಳಲಿಕೆಗಷ್ಟೇ ಮೀಸಲಿಟ್ಟು, ನಾವು ಹರಾಸ್‌ಮೆಂಟ್ ಎನ್ನುವುದಕ್ಕೆ ‘ಆರ್ಸೆಲ್‌ಮಾಂ’ ಎಂಬ ಬೇರೆ ಪದ ಇಟ್ಟುಕೊಂಡಿದ್ದಾರೆ. ಅದರ ಬೇರಿನಲ್ಲಿರುವುದು ಬೇಸಾಯದ ಹಲುಬೆ. ಉತ್ತ ನೆಲದ ಮೇಲೆ ಹಲ್ಲುಗಳಿರುವ ಹಲುಬೆಯನ್ನು ಅಡ್ಡಲಾಗಿ ಒಮ್ಮೆ, ಉದ್ದಕ್ಕೆ ಒಮ್ಮೆ ಎಳೆದು ಹೆಂಟೆಗಳು ಪುಡಿಯಾಗುವವರೆಗೂ ಬಿಡದಿರುವುದನ್ನು ಕಂಡವರಿಗೆ ಆ ಹೋಲಿಕೆಯನ್ನು ವಿವರಿಸಬೇಕಿಲ್ಲ.

ಒಂದೇ ಬೀದಿಯ ನೆರೆಹೊರೆ

ಬೇಸರ ಹುಟ್ಟಿಸುವಂತೆ ಕಾಡುವುದಕ್ಕೆ ಇಂಗ್ಲಿಷಿನಲ್ಲಿ ಇನ್ನೂ ಹಲವು ಪದಗಳಿವೆ. ಅವುಗಳ ಬೇರು ಕೆದಕಿದರೆ ಬೇಟೆ, ದನಕರು, ಉಣ್ಣೆಯ ಕೆಲಸಗಳೇ ಎದುರಾಗುತ್ತವೆ. ‘ಹೌಂಡ್’ ಎಂದರೆ ನೇರವಾಗಿ ಬೇಟೆನಾಯಿ. ‘ಬ್ಯಾಜರ್’ ಎಂಬ ಕ್ರಿಯಾಪದ ಅದೇ ಹೆಸರಿನ, ನಮ್ಮ ತರಕರಡಿಯ ದೂರದ ನೆಂಟನಾದ ಪ್ರಾಣಿಯಿಂದ ಬಂದದ್ದು. ಅದು ಬಿಲ ತೋಡಿ ಬದುಕುವ, ತಾನಾಗಿ ಯಾರ ತಂಟೆಗೂ ಹೋಗದ ಜೀವಿ. ಹಿಂದೆ ಬ್ರಿಟನ್ನಿನಲ್ಲಿ ಅದನ್ನು ಹಿಡಿದು ಪೆಟ್ಟಿಗೆಯಲ್ಲೋ ಪೀಪಾಯಿಯಲ್ಲೋ ಕೂಡಿ, ಒಂದರ ಮೇಲೊಂದರಂತೆ ನಾಯಿಗಳನ್ನು ಒಳಬಿಟ್ಟು ಮೋಜು ನೋಡುತ್ತಿದ್ದರು. 1835ರ ಕಾಯ್ದೆ ಆ ಆಟವನ್ನು ನಿಷೇಧಿಸಿತು. ಆ ಆಟದಿಂದಾಗಿಯೇ ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಿ ಒಬ್ಬರನ್ನು ಹಣ್ಣು ಮಾಡುವುದು ‘ಬ್ಯಾಜರ್’ ಆಯಿತು. ಪದವನ್ನು ಮೇಲೆಮೇಲೆ ಓದಿದರೆ ಆ ಪ್ರಾಣಿಯೇ ಕಾಟ ಕೊಡುತ್ತಿತ್ತೇನೋ ಎನಿಸುತ್ತದೆ, ನಿಜದಲ್ಲಿ ಅದು ಕಾಟ ತಿಂದದ್ದು.

ಮಕ್ಕಳು ಆಟಿಕೆಗಾಗಿ ಹಟ ಹಿಡಿದು ಪೀಡಿಸುವುದಕ್ಕೆ ಬಳಸುವ ‘ಪೆಸ್ಟರ್’ ಮೇಯುವ ಪ್ರಾಣಿ ದೂರ ಹೋಗದಂತೆ ಕಾಲಿಗೆ ಕಟ್ಟುವ ಹಗ್ಗದಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ದನಗಾಹಿಗಿರುವ ‘ಪಾಸ್ಟರ್’ ಎಂಬ ಹೆಸರು ಅದರೊಳಗಿದೆ. ಮೊದಲಿಗೆ ಅದರ ಅರ್ಥ ಓಡಾಟಕ್ಕೆ ಅಡ್ಡಿಮಾಡು, ತೊಡರಿಸು ಎಂದಷ್ಟೇ ಇತ್ತು. ಪಿಡುಗು ಎಂಬರ್ಥದ ‘ಪೆಸ್ಟ್’ ಪದದ ಸಹವಾಸದಿಂದ ಕಾಡು ಎಂಬ ಅರ್ಥ ಮೇಲೆ ಬಂತು. ‘ಟೀಸ್’ ಎಂಬುದು ಉಣ್ಣೆಯ ಎಳೆಗಳನ್ನು ಕಿತ್ತು ಬಿಡಿಸುವ ಕೆಲಸ. ಭಾಷಣಕಾರನನ್ನು ನಡುನಡುವೆ ಕೆಣಕುವ ‘ಹೆಕಲ್’ ನಾರು ಬಾಚುವ ಮುಳ್ಳುಹಣಿಗೆಯ ಹೆಸರು. ‘ನ್ಯಾಗ್’ ಸ್ಕ್ಯಾಂಡಿನೇವಿಯಾದ ಭಾಷೆಗಳ ಕಡೆಯಿಂದ ಬಂದ ಪದ, ಅದರರ್ಥ ಕಡಿಯುತ್ತಾ ಕೂರು. ‘ತಲೆ ತಿಂತಾನೆ’ ಎನ್ನುವ ನಮಗೆ ಅದು ಹೊಸದೇನಲ್ಲ.

ಹರಾಸ್ ಪದದ ಉಚ್ಚಾರಕ್ಕೂ ಒಂದು ಸಣ್ಣ ಜಗಳವಿದೆ. ಹಳೆಯ ಬ್ರಿಟಿಷ್ ರೂಢಿಯಲ್ಲಿ ಒತ್ತು ಮೊದಲ ಅಕ್ಷರದ ಮೇಲೆ ಬಿದ್ದು ‘ಹ್ಯಾರಸ್’ ಎಂದು ಕೇಳಿಸುತ್ತದೆ. ಅಮೆರಿಕದಲ್ಲಿ ಒತ್ತು ಎರಡನೆಯದಕ್ಕೆ. ಕನ್ನಡಿಗರ ಬಾಯಲ್ಲಿರುವ ‘ಹರಾಸ್‌ಮೆಂಟ್’ ಎರಡನೆಯದಕ್ಕೆ ಹತ್ತಿರ. ಎರಡೂ ನಿಘಂಟುಗಳಲ್ಲಿವೆ, ಎರಡೂ ಸರಿಯೇ.

ಕಾನೂನು ಆ ಪದವನ್ನು ಹಿಡಿದ ಬಗೆ

ಇಷ್ಟು ದಿನ ಬರಿಯ ದೂರಿನ ಮಾತಾಗಿದ್ದ ಪದ ಕಾನೂನಿನ ಪದವಾದದ್ದು 20ನೆಯ ಶತಮಾನದ ಕೊನೆಯ ಭಾಗದಲ್ಲಿ. 1975ರಲ್ಲಿ ಅಮೆರಿಕದ ಇಥಾಕಾ ನಗರದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದೊಂದಿಗೆ ನಂಟಿದ್ದ ಮಹಿಳೆಯರ ಗುಂಪೊಂದು, ಕೆಲಸದ ಜಾಗದಲ್ಲಿ ಮೇಲಧಿಕಾರಿಗಳಿಂದ ಹೆಂಗಸರು ಅನುಭವಿಸುವ ಬೇಡದ ಸ್ಪರ್ಶ, ಮಾತು, ಒತ್ತಾಯಗಳಿಗೆಲ್ಲ ಒಂದೇ ಹೆಸರು ಬೇಕೆಂದು ಯೋಚಿಸಿ ‘ಸೆಕ್ಶುಯಲ್ ಹರಾಸ್‌ಮೆಂಟ್’ ಎಂಬುದನ್ನು ಮುಂದಿಟ್ಟಿತು. ಆ ಗುಂಪಿನಲ್ಲಿ ಪತ್ರಕರ್ತೆ ಲಿನ್ ಫಾರ್ಲಿ ಇದ್ದರು. 1979ರಲ್ಲಿ ಕಾನೂನು ವಿದ್ವಾಂಸೆ ಕ್ಯಾಥರೀನ್ ಮ್ಯಾಕಿನನ್ ಅದು ಲಿಂಗತಾರತಮ್ಯವೇ ಎಂದು ವಾದಿಸಿದರು. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. ಹೆಸರಿಲ್ಲದ ಸಂಕಟವನ್ನು ದೂರಿನ ಅರ್ಜಿಯಲ್ಲಿ ಬರೆಯುವುದು ಹೇಗೆಂಬ ಪ್ರಶ್ನೆಗೆ ಆ ಹೆಸರು ಮೊದಲ ಉತ್ತರವಾಗಿತ್ತು.

ಭಾರತದಲ್ಲಿ ಹೆಸರಿನ ಈ ತೂಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಸ್ಸಿನಲ್ಲಿ, ಬೀದಿಯಲ್ಲಿ ಹುಡುಗಿಯರನ್ನು ಕಾಡುವುದಕ್ಕೆ ಇಲ್ಲಿ ದಶಕಗಳ ಕಾಲ ಇದ್ದ ಹೆಸರು ‘ಈವ್ ಟೀಸಿಂಗ್’, ಕನ್ನಡದಲ್ಲಿ ‘ಚುಡಾಯಿಸುವುದು’. ಉಣ್ಣೆ ಬಿಡಿಸುವ ಕೆಲಸದಿಂದ ಬಂದ ಟೀಸ್ ಅಷ್ಟು ಹೊತ್ತಿಗೆ ತಮಾಷೆ ಮಾಡು ಎಂಬ ಹಗುರ ಅರ್ಥಕ್ಕೆ ಇಳಿದಿತ್ತು, ಹೀಗಾಗಿ ಅಪರಾಧವೂ ತಮಾಷೆಯಂತೆ ಕೇಳಿಸುತ್ತಿತ್ತು. ತಮಿಳುನಾಡು 1998ರಲ್ಲಿ ಇದರ ವಿರುದ್ಧ ತಂದ ಕಾನೂನಿಗೆ ಮೊದಲು ಈವ್ ಟೀಸಿಂಗ್ ಎಂಬ ಹೆಸರೇ ಇತ್ತು. ಇಂದು ಅದರ ಶೀರ್ಷಿಕೆಯಲ್ಲಿರುವುದು ಮಹಿಳೆಯ ಮೇಲಿನ ‘ಹರಾಸ್‌ಮೆಂಟ್’. ದೇಶದ ಮಟ್ಟದಲ್ಲಿ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಕೆಲಸದ ಸ್ಥಳಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ಮಾರ್ಗಸೂಚಿ ಕೊಟ್ಟಿತು, 2013ರ ಕಾಯ್ದೆ ಅದನ್ನು ಶಾಸನವಾಗಿಸಿ 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆಗಳಲ್ಲಿ ಆಂತರಿಕ ದೂರು ಸಮಿತಿಯನ್ನು ಕಡ್ಡಾಯ ಮಾಡಿತು. ಅದಕ್ಕೂ ಮೊದಲೇ, 1983ರಲ್ಲಿ ಆಗಿನ ಭಾರತೀಯ ದಂಡ ಸಂಹಿತೆಗೆ ಸೇರಿಸಿದ 498ಎ ಕಲಮು, ಆಸ್ತಿಗೋ ಹಣಕ್ಕೋ ಕಾನೂನುಬಾಹಿರವಾಗಿ ಒತ್ತಾಯಿಸಲು ವಿವಾಹಿತೆಯನ್ನು ಹರಾಸ್ ಮಾಡುವುದು ‘ಕ್ರೌರ್ಯ’ವೇ ಎಂದು ಹೇಳಿತ್ತು. ‘ವರದಕ್ಷಿಣೆ ಕಿರುಕುಳ’ ಎಂದು ನಾವು ಓದುವ ಸುದ್ದಿಗಳ ಹಿಂದಿರುವುದು ಆ ವಾಕ್ಯ.

ಇಲ್ಲಿ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ನಿಘಂಟಿನ ‘ಮತ್ತೆ ಮತ್ತೆ’ ಎಲ್ಲ ಕಾನೂನುಗಳಲ್ಲೂ ಉಳಿದಿಲ್ಲ. ಬ್ರಿಟನ್ನಿನ 1997ರ ಹರಾಸ್‌ಮೆಂಟ್ ತಡೆ ಕಾಯ್ದೆ ಪದದ ಹಳೆಯ ಸ್ವಭಾವಕ್ಕೆ ನಿಷ್ಠವಾಗಿದೆ. ಒಬ್ಬ ವ್ಯಕ್ತಿಯ ವಿಚಾರದಲ್ಲಿ ಅಂಥ ನಡವಳಿಕೆ ಕನಿಷ್ಠ ಎರಡು ಸಲವಾದರೂ ನಡೆದಿರಬೇಕು ಎನ್ನುತ್ತದೆ. ದಂಡ ಸಂಹಿತೆಯ ಜಾಗಕ್ಕೆ 2024ರಲ್ಲಿ ಬಂದ ನಮ್ಮ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲೂ, ಮಹಿಳೆ ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಆಕೆಯನ್ನು ಪದೇಪದೇ ಸಂಪರ್ಕಿಸುವುದು ಹಿಂಬಾಲಿಸುವ ಅಪರಾಧದ ಭಾಗ. ಆದರೆ 2013ರ ಕಾಯ್ದೆಯ ಪ್ರಕಾರ ಬೇಡದ ಕೃತ್ಯ ಒಂದೇ ಆದರೂ ಅದು ಲೈಂಗಿಕ ಕಿರುಕುಳವಾಗಬಹುದು. ಅಲ್ಲಿ ಎಣಿಕೆಗಿಂತ ‘ಬೇಡವಾದದ್ದು’ ಎಂಬುದೇ ಅಳತೆಗೋಲು. ‘ಒಂದೇ ಸಲ ತಾನೆ’ ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದಿಲ್ಲ.

ಕಿರುಕುಳದೊಳಗಿನ ‘ಕಿರು’

ಕನ್ನಡ ಪತ್ರಿಕೆಗಳೂ ಕಚೇರಿಗಳೂ ಹರಾಸ್‌ಮೆಂಟ್‌ಗೆ ‘ಕಿರುಕುಳ’ವನ್ನು ಒಪ್ಪಿಕೊಂಡಿವೆ. ‘ಕಿರು’ ಎಂದರೆ ಚಿಕ್ಕದು. ಕಿರುಬೆರಳು, ಕಿರುದಾರಿ ಎನ್ನುವಲ್ಲಿರುವುದೇ ಅದು. ಆಸ್ಪತ್ರೆ ಸೇರಿದ, ಪ್ರಾಣ ಕಳೆದುಕೊಂಡ ಸುದ್ದಿಗಳ ಮೇಲೆ ಈ ಪದ ನಿಂತಾಗ ಅದು ಸಣ್ಣದಾಯಿತೇನೋ ಎನಿಸುವುದು ಸಹಜ. ಆದರೂ ಆ ಚಿಕ್ಕತನ ಪದದ ದೋಷವಲ್ಲ ಎಂದು ನನ್ನ ಎಣಿಕೆ: ಒಂದೊಂದಾಗಿ ತೆಗೆದು ನೋಡಿದರೆ ಚಿಕ್ಕದಾಗಿ ಕಾಣುವುದೇ ಈ ಹಿಂಸೆಯ ರೀತಿ, ದೂರು ಕೊಡಲು ಹೋದವರ ಕಷ್ಟವೂ ಅದೇ. ಸಂಸ್ಕೃತದಿಂದ ಬಂದ ‘ಪೀಡಿಸು’ ಮೂಲದಲ್ಲಿ ಒತ್ತು, ಹಿಂಡು ಎಂಬರ್ಥದ ಧಾತು. ಅದನ್ನೇ ಕನ್ನಡ ತನ್ನ ಮಾತಿನಲ್ಲಿ ‘ಜೀವ ಹಿಂಡುತ್ತಾನೆ’ ಎನ್ನುತ್ತದೆ. ‘ಕಾಟ’ದಲ್ಲಿ ದೆವ್ವದ ನೆರಳಿದೆ, ‘ದುಂಬಾಲು ಬೀಳು’ ಎಂಬುದರಲ್ಲಿ ಬೇಡಿಕೆಯಿದೆ, ‘ಬೆನ್ನು ಹತ್ತು’ ಎನ್ನುವಲ್ಲಿ ಆ ಹಳೆಯ ಬೇಟೆನಾಯಿಯೇ ಇದೆ.

ಇನ್ನು ಚಿಕ್ಕಮ್ಮನ ಪ್ರಶ್ನೆ. ಕಿರುಸಾಲಗಳ ವಸೂಲಿಯ ಬಗ್ಗೆ ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನಗಳು ಯಾವುದು ಕಠೋರ ಕ್ರಮ ಎಂಬುದನ್ನು ಪಟ್ಟಿ ಮಾಡಿವೆ: ಬೆದರಿಕೆಯ ಅಥವಾ ನಿಂದನೆಯ ಮಾತು, ಬಿಟ್ಟೂಬಿಡದೆ ಕರೆ ಮಾಡುವುದು, ಬೆಳಿಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ನಂತರ ಕರೆ ಮಾಡುವುದು, ಸಾಲಗಾರರ ನೆಂಟರು, ಗೆಳೆಯರು, ಸಹೋದ್ಯೋಗಿಗಳನ್ನು ಕಾಡುವುದು, ಹೆಸರು ಬಹಿರಂಗಪಡಿಸುವುದು. ಕರ್ನಾಟಕ ಸರ್ಕಾರವೂ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಜಗಲಿಯ ಮೇಲೆ ಎಷ್ಟು ಹೊತ್ತು ಕೂರಬಹುದು ಎಂಬುದು ಆ ಪಟ್ಟಿಯಲ್ಲಿ ಬಿಡಿಸಿ ಬರೆದಿಲ್ಲ, ‘ಬಿಟ್ಟೂಬಿಡದೆ’ ಎಂಬುದು ಬರೆದಿದೆ. ಇದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು 6 ಗಂಟೆ ಎಂಬುದನ್ನು ಮಾತ್ರ ಇನ್ನೊಮ್ಮೆ ಕೇಳಿ ತಿಳಿದುಕೊಂಡು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ಕಂತಿನ ದಿನದ ಪಕ್ಕದಲ್ಲಿ ಬರೆದಿಟ್ಟುಕೊಂಡರು.